ಹಿಮಸೀಮೆಯ ಅರಸ

ಕಾಸರಗೋಡಿಗೆ ಅಂದು ರೆಡ್ ಅಲರ್ಟ್. ಕಲೆಕ್ಟರು ರಜೆ ಕೊಟ್ಟ ಸುದ್ದಿ ಬರುವಷ್ಟರಲ್ಲಿ ಅಕ್ಕನ ಮಕ್ಕಳಿಬ್ಬರೂ ಯೂನಿಫಾರ್ಮ್ ಹಾಕಿ ನಮ್ಮ ಮನೆಯ ಮೆಟ್ಟಿಲ ಹತ್ತಿರ ಕೊಡೆ ಬಿಡಿಸುತ್ತಿದ್ದರು. ಹತ್ತು ಗಂಟೆಗೆ ಕರೆಂಟು ಹೋಯಿತು. ಹನ್ನೊಂದಕ್ಕೆ ಮೊಬೈಲಿನ ಚಾರ್ಜೂ ಮುಗಿಯಿತು. ಅಮ್ಮ ಜಗಲಿಯಲ್ಲಿ ಹಲಸಿನ ಬೇಳೆ ಸುಲಿಯುತ್ತಾ ಕೂತಿದ್ದರು. ಶಾಲೆಯಿಂದ ತಂದಿಟ್ಟ ಒಂದು ಚಾರ್ಟ್ ಪೇಪರ್ ನನ್ನ ಬಳಿ ಇತ್ತು. ಅದನ್ನು ಹರಡಿಕೊಟ್ಟು, "ನಿಮ್ಮದೇ ಒಂದು ದೇಶ ಮಾಡಿ ನೋಡುವಾ" ಅಂದೆ. ಸಮಾಜ ಪಾಠ ಮಾಡುವವನಿಗೆ ಇನ್ನೇನು ತೋಚೀತು!

ಮಳೆ ಇಲ್ಲದ ದೇಶವೇ ಬೇಕು ಎಂದು ಹುಡುಗಿ ಹಟ ಹಿಡಿದಳು. ಒಂಬತ್ತನೇ ಕ್ಲಾಸು, ಮಾತು ಖಡಕ್ಕು. ಮಳೆಯ ಬದಲು ಹಿಮ ಬೀಳಬೇಕಾದರೆ ಉತ್ತರಕ್ಕೆ ಹೋಗಬೇಕಲ್ಲ. ಹಾಗೆ ನಾರ್ವೆ, ಸ್ವೀಡನ್ನಿನ ಪಕ್ಕದಲ್ಲೆಲ್ಲೋ 'ಹಿಮಸೀಮೆ' ಹುಟ್ಟಿತು. ನಮ್ಮದು ಕುಂಬಳೆ ಸೀಮೆಯಾದ್ದರಿಂದ ಸೀಮೆ ಎಂಬ ಬಾಲ ತಾನಾಗಿ ಬಂತು. ಆರನೇ ಕ್ಲಾಸಿನ ತಮ್ಮ ಮೊದಲು ಎಳೆದದ್ದು ಒಂದು ಹೊಳೆ. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕೆಂದು ಮಹಾಜನ ಆಯೋಗ 1967ರಲ್ಲಿ ಹೇಳಿದ್ದನ್ನು ಅಜ್ಜನ ಬಾಯಲ್ಲಿ ಕೇಳಿ ಬೆಳೆದ ಮನೆ ಇದು. ಇಲ್ಲಿ ಯಾರು ನಕ್ಷೆ ಬರೆದರೂ ನಡುವೆ ಒಂದು ಹೊಳೆ ಬರುತ್ತದೆ.

ಹುಡುಗನಿಗೆ ಯಕ್ಷಗಾನದ ಹುಚ್ಚು. ರಾಜ ಬೇಕೇ ಬೇಕು, ಕಿರೀಟ ಬೇಕು, ಒಡ್ಡೋಲಗ ಬೇಕು. ಅಕ್ಕನಿಗೆ ಚುನಾವಣೆ ಬೇಕು. ಎರಡೂ ಇರುವ ದೇಶಗಳುಂಟು ಎಂದು ನಾನು ನಡುವೆ ಹೋದೆ. ಸ್ವೀಡನ್ನಿನ ದೊರೆ 1974ರ ಸಂವಿಧಾನದ ಪ್ರಕಾರ ಪ್ರಧಾನಿಯನ್ನು ಆರಿಸುವ ಹಾಗಿಲ್ಲ, ಕಾನೂನಿಗೆ ಸಹಿ ಹಾಕಲಿಕ್ಕೂ ಇಲ್ಲ. ನಾರ್ವೆಯದ್ದು ಇನ್ನೂ ಸ್ವಾರಸ್ಯ. 1814ರ ಮೇ 17ಕ್ಕೆ ಸಂವಿಧಾನ ಬರೆದುಕೊಂಡರೂ ಸ್ವೀಡನ್ನಿನ ಜೊತೆ ಒಂದೇ ದೊರೆಯ ಕೆಳಗೆ ಇರಬೇಕಾಯಿತು. 1905ರಲ್ಲಿ ಬಿಟ್ಟು ಬಂದಾಗ ಸ್ವಂತ ರಾಜನಿಲ್ಲ. ಡೆನ್ಮಾರ್ಕಿನ ರಾಜಕುಮಾರ ಕಾರ್ಲನನ್ನು ಕೇಳಿದರು. ಜನರಿಗೆ ರಾಜ ಬೇಕೋ ಬೇಡವೋ, ಮೊದಲು ಮತ ಹಾಕಿಸಿ ನೋಡಿ ಅಂದನಂತೆ ಆತ. ಜನ ಹೂಂ ಅಂದ ಮೇಲೆ ಬಂದು ಏಳನೇ ಹಾಕೂನ್ ಎಂದು ಹೆಸರಿಟ್ಟುಕೊಂಡ.

"ಸಂಬಂಧ ಹುಡುಕಿದ ಹಾಗೆ" ಅಂದರು ಅಮ್ಮ, ಬೇಳೆಯಿಂದ ಕಣ್ಣೆತ್ತದೆ.

ಅಲ್ಲಿ ಬಡಗು ತುದಿಯಲ್ಲಿ ಚಳಿಗಾಲಕ್ಕೆ ಸುಮಾರು ಎರಡು ತಿಂಗಳು ಸೂರ್ಯ ಹುಟ್ಟುವುದೇ ಇಲ್ಲ ಎಂದಾಗ ಹುಡುಗ ಕುಣಿದ. ಹಾಗಾದರೆ ಬೆಳಗಿನವರೆಗೆ ಆಡುವ ಆಟ ಅಲ್ಲಿ ಎರಡು ತಿಂಗಳು ನಡೆದೀತು! ಹಿಮಸೀಮೆಯ ಸಂಸ್ಕೃತಿಯ ಕೆಳಗೆ ಅದನ್ನೇ ಬರೆದ. ರಾಷ್ಟ್ರೀಯ ತಿಂಡಿ ಹಲಸಿನ ಹಪ್ಪಳ. ಅದನ್ನು ಒಣಗಿಸುವುದೆಲ್ಲಿ ಎಂದು ಯಾರೂ ಕೇಳಲಿಲ್ಲ.

ಪಟ್ಟ ಯಾರಿಗೆ ಎಂಬಲ್ಲಿ ಜಗಳ ಶುರುವಾಯಿತು. ಸ್ವೀಡನ್ನಿನಲ್ಲಿ 1980ರಿಂದ ಗಂಡೋ ಹೆಣ್ಣೋ, ಹಿರಿಯ ಮಗುವಿಗೇ ಪಟ್ಟ; ಅದರಿಂದ ಕಿರಿಯ ತಮ್ಮನಿಗಿದ್ದ ಯುವರಾಜ ಪದವಿ ಅಕ್ಕ ವಿಕ್ಟೋರಿಯಾಳಿಗೆ ಬಂತು. ಇಷ್ಟು ಹೇಳಿದ್ದೇ ತಡ, ಹುಡುಗಿ ಎದ್ದು ನಿಂತು ತಮ್ಮನ ತಲೆಯಿಂದ ಬಾಳೆಎಲೆಯ ಕಿರೀಟ ಕಿತ್ತುಕೊಂಡಳು. ಅವನು ಅಳುಮೋರೆ ಮಾಡಿ ಅಜ್ಜಿಯ ಕಡೆ ನೋಡಿದ.

"ನಮ್ಮದು ಅಳಿಯಕಟ್ಟು ಮಗಾ. ಮಾವನ ನಂತರ ಅಳಿಯನಿಗೆ, ಅಕ್ಕತಂಗಿಯರ ಮಗನಿಗೆ."

"ಹಾಗಾದ್ರೆ ಈಗ ಮಾವನೇ ರಾಜ!"

ಕಿರೀಟ ನನ್ನ ತಲೆಗೆ ಬಂತು. ಸೀಳಿದ ಎಲೆಯಿಂದ ಕಿವಿಗೆ ನೀರು ಇಳಿಯುತ್ತಿತ್ತು.

"ಸಹಿ ಹಾಕ್ಲಿಕ್ಕಿಲ್ಲ, ಯುದ್ಧ ಮಾಡ್ಲಿಕ್ಕಿಲ್ಲ. ಮತ್ತೆ ಎಂತ ಕೆಲಸ ನಿಮಗೆ?" ಅಂದಳು ಹುಡುಗಿ.

ಮೇ 17ಕ್ಕೆ ಶಾಲೆಮಕ್ಕಳು ಓಸ್ಲೋದ ಅರಮನೆ ಮುಂದೆ ಮೆರವಣಿಗೆ ಹೋಗುವಾಗ ಉಪ್ಪರಿಗೆಯಿಂದ ಕೈಬೀಸುವ ಕೆಲಸ ಎಂದೆ. ಅದು ಅವಳಿಗೆ ಸಾಕಾಗಲಿಲ್ಲ. ಆಗ ನೆನಪಾದದ್ದು ಸಾಮಿ ಜನರ ಕತೆ. ಹಿಮಸಾರಂಗ ಸಾಕುವ ಆ ಜನರ ಮಕ್ಕಳಿಗೆ ಶಾಲೆಯಲ್ಲಿ ಅವರ ಭಾಷೆ ಬಿಡಿಸಿ ನಾರ್ವೇಜಿಯನ್ ಕಲಿಸುವುದು ತಲೆಮಾರುಗಟ್ಟಲೆ ಸರಕಾರದ ನೀತಿಯೇ ಆಗಿತ್ತು. 1989ರಲ್ಲಿ ಅವರಿಗೆ ತಮ್ಮದೇ ಪಾರ್ಲಿಮೆಂಟು ಬಂತು. 1997ರಲ್ಲಿ ಅಲ್ಲಿಗೆ ಹೋಗಿ ದೊರೆ ಐದನೇ ಹರಾಲ್ಡ್, ಆದ ಅನ್ಯಾಯಕ್ಕೆ ದೇಶದ ಪರವಾಗಿ ಕ್ಷಮೆ ಕೇಳಿದ.

ಹುಡುಗಿ ತುಸು ಹೊತ್ತು ಪೆನ್ನಿನ ಮುಚ್ಚಳ ಕಚ್ಚುತ್ತಾ ಕೂತಳು. ಅವಳು ಕಲಿಯುವುದು ಕನ್ನಡ ಮಾಧ್ಯಮ. ಕಳೆದ ವರ್ಷ ಅವಳ ಶಾಲೆಗೆ ಕನ್ನಡ ಬಾರದ ಟೀಚರೊಬ್ಬರು ಬಂದಿದ್ದರು. ಪಾಪ, ಒಳ್ಳೆಯವರು, ಬೋರ್ಡಿನಲ್ಲಿ ಚಿತ್ರ ಬರೆದು, ಕೈಸನ್ನೆ ಮಾಡಿ ಒದ್ದಾಡುತ್ತಿದ್ದರಂತೆ. ಇಂಥ ನೇಮಕದ ಜಗಳ ನಮ್ಮಲ್ಲಿ ಹೊಸದಲ್ಲ. ನನ್ನ ಸಿಟ್ಟು ಅವರ ಮೇಲಲ್ಲ, ಕಳಿಸಿದವರ ಮೇಲೆ. ಮಕ್ಕಳು ಮಾತ್ರ ಆ ವರ್ಷವಿಡೀ ಒಬ್ಬರ ಮುಖ ಒಬ್ಬರು ನೋಡುತ್ತಾ ಕೂತರು.

"ರಾಜ ನೀವೇ ಅಲ್ವಾ? ಹೇಳಿ ಮತ್ತೆ" ಅಂದ ಹುಡುಗ.

ಆಟವೇ. ಆದರೂ ನನಗೆ ತಟ್ಟನೆ ಬಾಯಿ ಬರಲಿಲ್ಲ. ಆ ಸಲ ಊರವರು ಸಹಿ ಹಾಕಿದ ಮನವಿಯನ್ನು ನಾನೂ ಸಹಿ ಹಾಕಿ ಮರೆತವನೇ. ಬಾಳೆಎಲೆ ಸರಿಮಾಡಿಕೊಂಡು, "ತಪ್ಪಾಯ್ತು" ಅಂದೆ. ಅವಳು ನಗಲಿಲ್ಲ. "ಆಯ್ತು" ಎಂದು ತಲೆಯಾಡಿಸಿ ಹಿಮಸೀಮೆಯ ಸಂವಿಧಾನದ ಮೂರನೇ ವಿಧಿ ಬರೆದಳು: ಪಾಠ ಹೇಳುವವರಿಗೆ ಮಕ್ಕಳ ಭಾಷೆ ಬರಬೇಕು.

ಸಂಜೆ ಕರೆಂಟು ಬಂದದ್ದೇ ಇಬ್ಬರೂ ಚಾರ್ಜರಿನ ಕಡೆ ಓಡಿದರು. ಚಾರ್ಟ್ ಸುರುಳಿ ಸುತ್ತಿಡುವಾಗ ನೋಡಿದೆ, ಮೂರನೇ ವಿಧಿಯ ಕೆಳಗೆ ಪೆನ್ಸಿಲಿನಲ್ಲಿ ಅದೇ ಸಾಲು ಮಲೆಯಾಳ ಅಕ್ಷರದಲ್ಲಿ ಇತ್ತು.

"ಇದು ಯಾಕೆ?" ಎಂದು ಕರೆದು ಕೇಳಿದೆ.

"ಟೀಚರಿಗೆ ಓದ್ಲಿಕ್ಕೆ ಬೇಕಲ್ಲ ಮಾವ."