ಚಾದರ್‌ಗೆ ಹೊರಟಿದ್ದೀರಾ? ಸ್ಲೀಪಿಂಗ್ ಬ್ಯಾಗಿನ ಒಳಗಿನ ಚೀಟಿ ಓದಿ

ಚಾದರ್ ಅಂದರೆ ಲಡಾಖಿನಲ್ಲಿ ಚಳಿಗಾಲಕ್ಕೆ ಹೆಪ್ಪುಗಟ್ಟುವ ಜನ್ಸ್ಕಾರ್ ನದಿಯ ಮೇಲೆ ನಡೆಯುವ ಚಾರಣ. ಆ ನದಿಯ ದಡದಲ್ಲಿ ಮೊದಲ ರಾತ್ರಿ ನನಗೆ ನಿದ್ದೆಯೇ ಬರಲಿಲ್ಲ. ಗೈಡ್ ಹತ್ತಿರ ಇದ್ದ ಥರ್ಮಾಮೀಟರ್ ಮೈನಸ್ 19 ತೋರಿಸುತ್ತಿತ್ತು. ನನ್ನ ಸ್ಲೀಪಿಂಗ್ ಬ್ಯಾಗಿನ ಮೇಲೆ ದೊಡ್ಡದಾಗಿ ಮೈನಸ್ 24 ಅಂತ ಬರೆದಿತ್ತು. ಹಾಗಾದರೆ ಬೆಚ್ಚಗಿರಬೇಕಿತ್ತು, ಅಲ್ವಾ? ಹಲ್ಲು ಕಟಕಟ ಅನ್ನುತ್ತಿತ್ತು. ಮಂಡಿಯನ್ನು ಎದೆಗೆ ಅವಚಿಕೊಂಡು ಬೆಳಗಾಗುವುದನ್ನೇ ಕಾದೆ. ಪಕ್ಕದಲ್ಲಿ ತಂಗಿ ಸದ್ದಿಲ್ಲದೆ ಅಳುತ್ತಿದ್ದಳು.

ಬೆಳಕಾದ ಮೇಲೆ ಬ್ಯಾಗಿನ ಒಳಮೈ ಹೊರಗೆ ಮಾಡಿ ನೋಡಿದೆ. ಕಾಲಿನ ಕಡೆ ಹೊಲಿಗೆಯಲ್ಲಿ ಒಂದು ಸಣ್ಣ ಚೀಟಿ ಇತ್ತು. ಅದರಲ್ಲಿ ಮೂರು ಅಂಕಿ. ಕಂಫರ್ಟ್ ಮೈನಸ್ 1, ಲಿಮಿಟ್ ಮೈನಸ್ 7, ಎಕ್ಸ್‌ಟ್ರೀಮ್ ಮೈನಸ್ 24. ಹೊರಗೆ ದೊಡ್ಡದಾಗಿ ಬರೆದಿದ್ದು ಮೂರನೆಯ ಅಂಕಿ ಮಾತ್ರ.

ಈ ಮೂರು ಅಂಕಿಗಳ ಅರ್ಥ ಗೊತ್ತಿದ್ದರೆ ನಾನು ಆ ಬ್ಯಾಗನ್ನು ಮುಟ್ಟುತ್ತಲೇ ಇರಲಿಲ್ಲ. ಇವು ಸುಮ್ನೆ ಊಹೆಯಲ್ಲ. ಮನುಷ್ಯನ ಮೈಯಂತೆ ಬಿಸಿಯಾಗುವ ಒಂದು ಗೊಂಬೆಗೆ ಒಳ ಉಡುಪು ತೊಡಿಸಿ, ಬ್ಯಾಗಿನೊಳಗೆ ಮಲಗಿಸಿ, ತಣ್ಣನೆಯ ಕೋಣೆಯಲ್ಲಿ ಎಷ್ಟು ಶಾಖ ಸೋರುತ್ತದೆ ಅಂತ ಅಳೆಯುತ್ತಾರೆ. ಮೊದಲು ಯುರೋಪಿನ ಇಎನ್ 13537 ಅನ್ನುವ ಮಾನದಂಡ ಇತ್ತು, ಈಗ ಐಎಸ್‌ಒ 23537 ಇದೆ. ಕಂಫರ್ಟ್ ಅಂದರೆ ಒಬ್ಬ ಸಾಧಾರಣ ಹೆಂಗಸು ಆರಾಮವಾಗಿ ಮಲಗಬಹುದಾದ ಚಳಿ. ಲಿಮಿಟ್ ಅಂದರೆ ಒಬ್ಬ ಸಾಧಾರಣ ಗಂಡಸು ಮುದುಡಿಕೊಂಡು ರಾತ್ರಿ ಕಳೆಯಬಹುದಾದ ಚಳಿ. ಎಕ್ಸ್‌ಟ್ರೀಮ್ ಅಂದರೆ ನಿದ್ದೆಯ ಮಾತೇ ಅಲ್ಲ. ಕೆಲವು ಗಂಟೆ ಜೀವ ಉಳಿಯಬಹುದು, ಆದರೆ ಮೈ ತಣ್ಣಗಾಗಿ ಅಪಾಯವಾಗುವ ಸಾಧ್ಯತೆ ಜಾಸ್ತಿ. ಬಾಡಿಗೆಗೆ ಕೊಟ್ಟವರು ಜೀವ ಉಳಿಸುವ ಅಂಕಿಯನ್ನು ಮಲಗುವ ಅಂಕಿ ಅಂತ ಹೇಳಿ ದಿನಕ್ಕೆ 200 ರೂಪಾಯಿ ಈಸಿಕೊಂಡಿದ್ದರು. ನನಗೆ ಇವತ್ತಿಗೂ ಆ ಸಿಟ್ಟು ಆರಿಲ್ಲ. ಇದು ಜೀವದ ವಿಷಯ.

ಹಾಗಾಗಿ ಲೇಹ್‌ನಲ್ಲಿ ಬಾಡಿಗೆಗೆ ತೆಗೆದುಕೊಳ್ಳುವಾಗ ಚೀಟಿ ತೋರಿಸಿ ಅಂತ ಕೇಳಿ. ಚೀಟಿ ಕಿತ್ತುಹೋಗಿದ್ದರೆ ಬಿಟ್ಟುಬಿಡಿ. ಕಂಫರ್ಟ್ ಅಂಕಿಯನ್ನು ಮಾತ್ರ ಲೆಕ್ಕಕ್ಕೆ ಹಿಡಿಯಿರಿ. ಬ್ಯಾಗನ್ನು ಬಿಡಿಸಿ ಹರಡಿ, ಹತ್ತು ನಿಮಿಷ ಕಾಯಿರಿ. ಒಳಗಿನ ಹಕ್ಕಿಪುಕ್ಕ ಉಬ್ಬಿ ಎದ್ದರೆ ಸರಿ. ವರ್ಷಗಟ್ಟಲೆ ಚೀಲದಲ್ಲಿ ತುರುಕಿಟ್ಟ ಬ್ಯಾಗು ಹಪ್ಪಳದ ಹಾಗೆ ಚಪ್ಪಟೆಯಾಗಿಯೇ ಉಳಿಯುತ್ತದೆ. ಬೆಚ್ಚಗೆ ಇಡುವುದು ಪುಕ್ಕದ ನಡುವೆ ನಿಂತ ಗಾಳಿ. ಅದಿಲ್ಲದಿದ್ದರೆ ಬ್ಯಾಗು ಹೊಸದಾಗಿದ್ದಾಗ ಅಳೆದ ಅಂಕಿಗೂ ಬೆಲೆಯಿಲ್ಲ.

ಎರಡನೇ ರಾತ್ರಿ ಬದುಕಿಸಿದ್ದು ನಮ್ಮ ಸಾಮಾನು ಎಳೆಯುತ್ತಿದ್ದ ಲಡಾಖಿ ಅಣ್ಣ. ಕುದಿಯುವ ನೀರನ್ನು ಬಾಟಲಿಗೆ ತುಂಬಿ, ಕಾಲುಚೀಲದೊಳಗೆ ತೂರಿಸಿ, ತೊಡೆಗಳ ನಡುವೆ ಇಟ್ಟುಕೊಳ್ಳಿ ಅಂದರು. ತಮ್ಮ ಹತ್ತಿರ ಇದ್ದ ಒಂದು ಫೋಮ್ ಚಾಪೆಯನ್ನೂ ಕೊಟ್ಟರು. ಚಾಪೆ ಕೆಳಗಿಟ್ಟ ಮೇಲೆ ಗೊತ್ತಾಯಿತು, ಶಾಖ ಅರ್ಧ ಸೋರುತ್ತಿದ್ದದ್ದು ನೆಲಕ್ಕೆ ಅಂತ. ನಮ್ಮ ಭಾರಕ್ಕೆ ಬೆನ್ನಿನ ಕೆಳಗಿನ ಪುಕ್ಕ ಒತ್ತಿಹೋಗುತ್ತದೆ, ಅಲ್ಲಿ ಬ್ಯಾಗು ಇದ್ದೂ ಇಲ್ಲದಂತೆ. ಎರಡು ಚಾಪೆ ಹಾಕಿದರೆ ಅವುಗಳ ತಡೆಯುವ ಶಕ್ತಿ ಕೂಡಿಕೊಳ್ಳುತ್ತದೆ. ಒಂದೇ ದುಬಾರಿ ಚಾಪೆಗಿಂತ ಎರಡು ಅಗ್ಗದ ಚಾಪೆ ತನ್ನಿ.

ಇನ್ನೊಂದು ತಪ್ಪು ನನ್ನದೇ. ಮೊದಲ ದಿನ ದಪ್ಪ ಡೌನ್ ಜಾಕೆಟ್, ಅಂದರೆ ಹಕ್ಕಿಪುಕ್ಕ ತುಂಬಿದ ಜಾಕೆಟ್, ಹಾಕಿಕೊಂಡೇ ನಡೆದೆ. ಒಳಗೆ ಹತ್ತಿಯ ಬನಿಯನ್. ಒಂದು ಗಂಟೆಯಲ್ಲಿ ಬೆವರು ಇಳಿಯಿತು. ಚಳಿಯಲ್ಲಿ ಬೆವರುತ್ತಿದ್ದೇನೆ ಅಂತ ಖುಷಿಯೂ ಆಯಿತು. ಕ್ಯಾಂಪಿನಲ್ಲಿ ಕೂತ ಅರ್ಧ ಗಂಟೆಗೆ ಆ ಬನಿಯನ್ ಬೆನ್ನಿಗೆ ಮಂಜಿನ ಹಾಳೆ ಅಂಟಿಸಿದ ಹಾಗೆ ಆಯಿತು. ನೀರು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಶಾಖ ಸಾಗಿಸುತ್ತದೆ. ಹತ್ತಿ ಆ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಬೆವರಿನಿಂದ ಡೌನ್ ಕೂಡ ಒದ್ದೆಯಾಗಿ ಮುದ್ದೆಗಟ್ಟಿತ್ತು. ಉಣ್ಣೆ ಒದ್ದೆಯಾದರೂ ಸ್ವಲ್ಪ ಬಿಸಿ ಉಳಿಸಿಕೊಳ್ಳುತ್ತದೆ. ಮೈಗೆ ತಾಗುವ ಬಟ್ಟೆ ತೆಳು ಉಣ್ಣೆಯದೋ ಸಿಂಥೆಟಿಕ್‌ದೋ ಇರಲಿ.

ಇದನ್ನು ನನಗೆ ಮುಂಚೆಯೇ ಒಬ್ಬರು ಹೇಳಿದ್ದರು. ಚಾದರ್‌ಗೆ ಬಿಡುವ ಮುಂಚೆ ಲೇಹ್‌ನಲ್ಲಿ ಮೂರು ದಿನ ಇದ್ದು ಮೈ ಒಗ್ಗಿಸಿಕೊಳ್ಳಬೇಕು, ವೈದ್ಯಕೀಯ ತಪಾಸಣೆಯಲ್ಲಿ ಪಾಸಾಗಬೇಕು. ಲೇಹ್ ಸುಮಾರು 3,500 ಮೀಟರ್ ಎತ್ತರದಲ್ಲಿದೆ, ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರ ಮಟ್ಟದ ಮೂರನೇ ಎರಡು ಭಾಗದಷ್ಟೇ. ಆ ಬಿಡುವಿನಲ್ಲಿ ವಿಮಾನ ನಿಲ್ದಾಣದ ಹತ್ತಿರ ಇರುವ ಸೇನೆಯ ವಸ್ತುಸಂಗ್ರಹಾಲಯ ಹಾಲ್ ಆಫ್ ಫೇಮ್‌ಗೆ ಹೋದೆವು. ಸಿಯಾಚಿನ್‌ನಲ್ಲಿ ಸೈನಿಕರು ತೊಡುವ ಉಡುಪು, ಸಲಕರಣೆಗಳನ್ನು ಅಲ್ಲಿ ಇಟ್ಟಿದ್ದಾರೆ. ಗಾಜಿನ ಮುಂದೆ ನಾನು ಜಾಕೆಟ್ಟಿನ ದಪ್ಪ ನೋಡುತ್ತಾ ನಿಂತಿದ್ದೆ. ಅಲ್ಲಿದ್ದ ಸೈನಿಕರೊಬ್ಬರು, "ದಪ್ಪ ನೋಡಬೇಡಿ, ಪದರ ಎಣಿಸಿ. ನಡೆಯುವಾಗ ತೆಗೀಬೇಕು, ನಿಂತಾಗ ಹಾಕಬೇಕು" ಅಂತ ಹಿಂದಿಯಲ್ಲಿ ಹೇಳಿದರು. ತಲೆಯಾಡಿಸಿ ಬಂದಿದ್ದೆ, ಅಷ್ಟೇ.

ಊರಿಗೆ ಬಂದ ಮೇಲೆ ಈ ಬಗ್ಗೆ ಓದಿದೆ. ಇಂಥ ಉಡುಪುಗಳನ್ನು ನಮ್ಮ ಸೇನೆ ಹೊರದೇಶಗಳಿಂದ ತರಿಸುತ್ತಿತ್ತು. ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದ ಡಿಪಾಸ್ ಪ್ರಯೋಗಾಲಯ ದೆಹಲಿಯಲ್ಲಿದೆ. ಅಲ್ಲಿ ಮೂರು ಪದರದ ಉಡುಪು ರೂಪಿಸಿ, 2021ರ ಡಿಸೆಂಬರ್‌ನಲ್ಲಿ ಅದರ ತಂತ್ರಜ್ಞಾನವನ್ನು ಐದು ಭಾರತೀಯ ಕಂಪನಿಗಳಿಗೆ ಕೊಟ್ಟರು. ಪ್ಲಸ್ 15ರಿಂದ ಮೈನಸ್ 50ರವರೆಗೆ ಬಳಸಬಹುದು. ಅದೂ ಒಂದೇ ರೀತಿ ಅಲ್ಲ. ಮೈಗೆ ಎಷ್ಟು ಕೆಲಸ ಇದೆ ಅನ್ನುವುದರ ಮೇಲೆ ಪದರಗಳನ್ನು ಕೂಡಿಸಬೇಕು, ಕಳೆಯಬೇಕು. ಆ ಸೈನಿಕರು ಒಂದು ಸಾಲಿನಲ್ಲಿ ಹೇಳಿದ್ದು ಇದನ್ನೇ. ಬಾಡಿಗೆ ಅಂಗಡಿಗೆ ಹೋಗುವ ಮುಂಚೆ ಹಾಲ್ ಆಫ್ ಫೇಮ್ ನೋಡಿ, ಆಮೇಲೆ ನೋಡಿದರೆ ಪ್ರಯೋಜನವಿಲ್ಲ.

ನದಿಯವರೆಗೆ ಹೋದ ಗಾಡಿಯ ಬಗ್ಗೆ ಎಚ್ಚರಿಸಲೇಬೇಕು. ಹಿಂದಿನ ಕಿಟಕಿ ನಾಲ್ಕು ಬೆರಳು ತೆರೆದೇ ಇತ್ತು, ಹೀಟರ್ ಕೆಟ್ಟಿತ್ತು. ಹತ್ತುವ ಮುಂಚೆ ಎರಡನ್ನೂ ಪರೀಕ್ಷೆ ಮಾಡಿ. ಗಾಳಿಯ ವಿಷಯ ಹಗುರವಾಗಿ ತೆಗೆದುಕೊಳ್ಳಬೇಡಿ. ಮೈನಸ್ 20ರಲ್ಲಿ ಗಂಟೆಗೆ 30 ಕಿಲೋಮೀಟರ್ ಗಾಳಿ ಬೀಸಿದರೆ ಬರಿಯ ಚರ್ಮಕ್ಕೆ ಮೈನಸ್ 33ರ ಚಳಿ. ಈ ಲೆಕ್ಕ ಶುರುವಾಗಿದ್ದು 1940ರ ದಶಕದಲ್ಲಿ, ಸೈಪಲ್ ಮತ್ತು ಪ್ಯಾಸೆಲ್ ಅನ್ನುವವರು ಅಂಟಾರ್ಕ್ಟಿಕಾದಲ್ಲಿ ಡಬ್ಬಿಯೊಳಗಿನ ನೀರು ಎಷ್ಟು ಬೇಗ ಹೆಪ್ಪುಗಟ್ಟುತ್ತದೆ ಅಂತ ನೋಡಿದ ಪ್ರಯೋಗದಿಂದ. ಸೂತ್ರವನ್ನು 2001ರಲ್ಲಿ ತಿದ್ದಿದರು. ಕಣಿವೆಯ ತಿರುವುಗಳಲ್ಲಿ ಗಾಳಿ ತಡೆಯುವ ತೆಳು ಹೊರಪದರ ನನ್ನ ದಪ್ಪ ಜಾಕೆಟ್ಟಿಗಿಂತ ಜಾಸ್ತಿ ಕೆಲಸಕ್ಕೆ ಬಂತು.

ಕಾಲಿಗೆ ಗಮ್‌ಬೂಟೇ ಸರಿ. ದುಬಾರಿ ಟ್ರೆಕ್ಕಿಂಗ್ ಶೂ ಬೇಡ, ಮಂಜಿನ ಮೇಲೆ ನೀರು ಹರಿಯುವ ಕಡೆ ಅದು ಒದ್ದೆಯಾಗುತ್ತದೆ. ಒಂದು ಸೈಜ್ ದೊಡ್ಡದು ತಗೊಳ್ಳಿ. ಬಿಗಿಯಾದರೆ ರಕ್ತ ಓಡುವುದಿಲ್ಲ. ರಬ್ಬರಿನೊಳಗೆ ಕಾಲು ಬೆವರುತ್ತದೆ, ಮಧ್ಯಾಹ್ನ ಕಾಲುಚೀಲ ಬದಲಿಸಿ. ಒಂದು ಜೊತೆ ಮಲಗಲು ಮಾತ್ರ ಇಟ್ಟುಕೊಳ್ಳಿ, ಅದರಲ್ಲಿ ಒಂದು ಹೆಜ್ಜೆಯೂ ನಡೆಯಬೇಡಿ. ಕೈಗೆ ಬೆರಳು ಬೇರೆಬೇರೆ ಇರುವ ಗವಸಿಗಿಂತ ಎಲ್ಲ ಬೆರಳು ಒಟ್ಟಿಗೆ ಕೂರುವ ಮಿಟನ್ ಒಳ್ಳೆಯದು. ನಮ್ಮ ಗುಂಪಿನ ಒಬ್ಬರ ಬೆರಳ ತುದಿ ಬೆಳ್ಳಗಾಯಿತು. ಇನ್ನೊಬ್ಬರು ಉಜ್ಜಲು ಹೋದರು, ಬೆಂಕಿಯ ಹತ್ತಿರ ಎಳೆದರು. ಗೈಡ್ ಓಡಿಬಂದು ತಡೆದು, ಆ ಕೈಯನ್ನು ಅವರದೇ ಕಂಕುಳಲ್ಲಿ ಇಡಿಸಿದರು. ಉಜ್ಜಿದರೆ ಚರ್ಮ ಹಾಳಾಗುತ್ತದೆ, ಮರಗಟ್ಟಿದ ಬೆರಳು ಸುಟ್ಟರೂ ಗೊತ್ತಾಗುವುದಿಲ್ಲ.

ಗಣರಾಜ್ಯೋತ್ಸವದ ರಜೆಗೆ ಮಾತ್ರ ಹೋಗಬೇಡಿ. ನಮ್ಮ ಕ್ಯಾಂಪು ಜಾತ್ರೆಯ ಮೈದಾನದಂತಿತ್ತು. ಆ ಗದ್ದಲ ನನಗೆ ಚಳಿಗಿಂತ ಕಷ್ಟವಾಯಿತು. ಫೆಬ್ರವರಿ ಮೊದಲ ವಾರ ನೋಡಿ.

ಲೇಹ್‌ನಲ್ಲಿ ಊಟಕ್ಕೆ ಒಂದೇ ಜಾಗ ಹೇಳುತ್ತೇನೆ. ಮುಖ್ಯ ಬಜಾರಿನ ಹಿಂದೆ ತಂದೂರಿ ರೊಟ್ಟಿ ಸುಡುವ ಗಲ್ಲಿ ಇದೆ. ಅದರ ಪಕ್ಕದಲ್ಲಿ ನಾಲ್ಕು ಬೆಂಚಿನ, ಬೋರ್ಡಿಲ್ಲದ ಕೋಣೆ. ನಡುವೆ ಬುಖಾರಿ ಅನ್ನುವ, ಕೋಣೆ ಬೆಚ್ಚಗಿಡುವ ಒಲೆ ಉರಿಯುತ್ತಿರುತ್ತದೆ. ನಡೆಸುವವರು ವಯಸ್ಸಾದ ಅಮಾಲೆ, ಅಂದರೆ ಲಡಾಖಿಯಲ್ಲಿ ಅಮ್ಮ. ಚಳಿಗಾಲದಲ್ಲಿ ಅರ್ಧ ಊರಿನ ಹೋಟೆಲ್ ಮುಚ್ಚಿದ್ದರೂ ಇದು ತೆರೆದಿತ್ತು. ಅವರು ಮಾಡುವ ಸ್ಕ್ಯೂ ತಿನ್ನಲೇಬೇಕು. ಗೋಧಿ ಹಿಟ್ಟನ್ನು ಹೆಬ್ಬೆರಳಿಂದ ಒತ್ತಿ ಸಣ್ಣ ಬಟ್ಟಲಿನಂತೆ ಮಾಡಿ, ಟರ್ನಿಪ್, ಕ್ಯಾರೆಟ್, ಆಲೂಗಡ್ಡೆ ಜೊತೆ ನಿಧಾನಕ್ಕೆ ಬೇಯಿಸುತ್ತಾರೆ. 100 ರೂಪಾಯಿ. ಬಟ್ಟಲು ಖಾಲಿಯಾಗುವ ಮುಂಚೆಯೇ ಇನ್ನೊಂದು ಸೌಟು ಬೀಳುತ್ತದೆ, ಅದಕ್ಕೆ ದುಡ್ಡಿಲ್ಲ. ಉಪ್ಪು ಹಾಕಿದ ಬೆಣ್ಣೆ ಚಹಾ ಮೊದಲ ಗುಟುಕಿಗೆ ವಿಚಿತ್ರ ಅನಿಸಿತು, ಮೂರನೇ ದಿನ ನಾನೇ ಕೇಳಿ ಕುಡಿದೆ. ವಾಪಸ್ ಬಂದ ದಿನ ಅಮಾಲೆ ನಮ್ಮ ಒದ್ದೆ ಕಾಲುಚೀಲಗಳನ್ನು ಈಸಿಕೊಂಡು ಬುಖಾರಿಯ ಮೇಲಿನ ತಂತಿಗೆ ಹಾಕಿದರು. ತಂಗಿಯ ಕಾಲನ್ನು ತಮ್ಮ ಗೋಂಚಾ ಅನ್ನುವ ಉಣ್ಣೆಯ ನಿಲುವಂಗಿಯೊಳಗೆ ಸುತ್ತಿಕೊಂಡು ಕೂತರು.

ಅಲ್ಲಿಂದ ನೇರ ಬಾಡಿಗೆ ಅಂಗಡಿಗೆ ಹೋದೆ. ಚೀಟಿ ತೋರಿಸಿ ವಾದ ಮಾಡಿದೆ. ದುಡ್ಡು ವಾಪಸ್ ಬರಲಿಲ್ಲ. ಅಂಗಡಿಯವರ ಮುಂದೆಯೇ ಮಾರ್ಕರ್ ಕೇಳಿ ಪಡೆದು, ಬ್ಯಾಗಿನ ಹೊರಗೆ ಮೈನಸ್ 24ರ ಪಕ್ಕದಲ್ಲಿ "ಕಂಫರ್ಟ್ ಮೈನಸ್ 1" ಅಂತ ಹಿಂದಿಯಲ್ಲಿ ದೊಡ್ಡದಾಗಿ ಬರೆದು ಬಂದೆ.