ಭರಣಿ ಮಳೆ: ಹನಿಗಿಂತ ಮೊದಲು ಬರುವ ಅಪಾಯ

ಭರಣಿ ಮಳೆ ಬಂದರೆ ಧರಣಿಯೆಲ್ಲಾ ಬೆಳೆ ಅಂತಾರೆ. ನಿಜ. ಆದರೆ ಏಪ್ರಿಲ್ ಕೊನೆಯಿಂದ ಮೇವರೆಗೆ ಮೈಸೂರು-ಮಂಡ್ಯ ಸೀಮೆಗೆ ಬೀಳುವ ಮಳೆಯೇ ಬೇರೆ, ಜುಲೈನಲ್ಲಿ ಕೊಡಗಿಗೆ ಸುರಿದು ಕನ್ನಂಬಾಡಿ ಕಟ್ಟೆ ತುಂಬಿಸುವ ಮಳೆಯೇ ಬೇರೆ. ಕೊಡಗಿನದು ಕಡಲಗಾಳಿ ಘಟ್ಟ ಏರುವಾಗ ದಿನಗಟ್ಟಲೆ ಹಿಡಿಯುವ ಮಳೆ. ನಮ್ಮದು ಹೆಚ್ಚಾಗಿ ಅವತ್ತಿನ ಬಿಸಿಲಲ್ಲೇ ಕುದಿದು ಸಂಜೆಗೆ ಇಳಿಯುವಂಥದ್ದು. ಹಾಗಾಗಿ ಬೆಳಗ್ಗೆ ಆಕಾಶ ಶುಭ್ರವಾಗಿತ್ತು ಅನ್ನೋದನ್ನ ನಂಬಬೇಡಿ.

ನೋಡಬೇಕಾದದ್ದು ಮಧ್ಯಾಹ್ನದ ಮೋಡವನ್ನ. ತಳ ಚಪ್ಪಟೆಯಾಗಿ, ತಲೆ ಹೂಕೋಸಿನ ಹಾಗೆ ಉಬ್ಬುತ್ತಾ, ಅಗಲಕ್ಕಿಂತ ಎತ್ತರ ಜಾಸ್ತಿಯಾಯಿತೋ, ಹುಷಾರಾಗಿ. ಅಂಚು ಕತ್ತರಿಸಿದಷ್ಟು ಸ್ಪಷ್ಟವಾಗಿದ್ದರೆ ತುದಿಯಲ್ಲಿ ಇನ್ನೂ ನೀರಹನಿಗಳೇ ಇವೆ. ಅದೇ ಅಂಚು ಮಸುಕಾಗಿ, ನಾರುನಾರಾಗಿ, ಒಂದು ಕಡೆಗೆ ಚಾಚಿಕೊಂಡರೆ ತುದಿ ಹಿಮವಾಗಿದೆ ಎಂದರ್ಥ. ಈ ಕಾಲದಲ್ಲಿ ಸುಮಾರು 5 ಕಿಲೋಮೀಟರ್ ಮೇಲೆ ಸೊನ್ನೆ ಡಿಗ್ರಿ. ಬಲಿತ ಗುಡುಗುಮೋಡ 12ರಿಂದ 15 ಕಿಲೋಮೀಟರ್ ಮುಟ್ಟುತ್ತದೆ. ಒಳಗೆ ಹಿಮದ ಹರಳುಗಳು ಮೆದು ಆಲಿಕಲ್ಲಿಗೆ ಉಜ್ಜಿಕೊಂಡು ವಿದ್ಯುದಾವೇಶ ಬೇರ್ಪಡುತ್ತದೆ. ಸಿಡಿಲು ಹುಟ್ಟುವುದು ಅಲ್ಲಿ.

ಮಳೆಗೆ ಮುಂಚೆ ದಿಢೀರ್ ತಣ್ಣನೆ ಗಾಳಿ ಬೀಸಿದರೆ ಹಾಯಾಗಿ ಅಂಗಳದಲ್ಲಿ ನಿಲ್ಲುವವರೇ ಹೆಚ್ಚು. ಬೀಳುವ ಮಳೆಯ ಒಂದಿಷ್ಟು ದಾರಿಯಲ್ಲೇ ಆವಿಯಾಗಿ ಗಾಳಿ ತಣಿದು, ಭಾರವಾಗಿ ಕೆಳಗೆ ಅಪ್ಪಳಿಸಿ, ನೆಲದ ಮೇಲೆ ನಾಲ್ಕೂ ಕಡೆ ಹರಡುತ್ತದೆ. ಗೊನೆ ಬಿಟ್ಟ ಬಾಳೆತೋಟವನ್ನ ಮಲಗಿಸುವುದು ಮಳೆಯಲ್ಲ, ಈ ಗಾಳಿ. ಬಿದಿರು ಗಳ ಕೊಟ್ಟು ಕಟ್ಟುವ ಕೆಲಸ ಮಾರ್ಚ್‌ನಲ್ಲೇ ಮುಗಿದಿರಬೇಕು.

ಮಿಂಚು ಕಂಡ ತಕ್ಷಣ ಎಣಿಸಲು ಶುರು ಮಾಡಿ. ಗುಡುಗು ಕೇಳುವವರೆಗಿನ ಸೆಕೆಂಡುಗಳನ್ನ ಮೂರರಿಂದ ಭಾಗಿಸಿದರೆ ದೂರ ಕಿಲೋಮೀಟರ್‌ಗಳಲ್ಲಿ ಸಿಗುತ್ತದೆ. 30 ಸೆಕೆಂಡ್ ಅಥವಾ ಕಡಿಮೆ ಬಂದರೆ ಒಳಗೆ ಹೋಗಿ; ಕೊನೆಯ ಗುಡುಗು ಕೇಳಿ 30 ನಿಮಿಷ ಆಗುವವರೆಗೆ ಹೊರಗೆ ಬರಬೇಡಿ. ಒಳಗೆ ಅಂದರೆ ಪಕ್ಕಾ ಮನೆ, ಇಲ್ಲವೇ ಗಾಜು ಏರಿಸಿದ ಕಾರು ಅಥವಾ ಬಸ್ಸು. ಹುಣಸೆಮರದ ಬುಡವಲ್ಲ, ತೆಂಗಿನ ಸಾಲಲ್ಲ, ಗದ್ದೆ ಬದುವಿನ ಪಂಪ್‌ಸೆಟ್ ಗೂಡಂತೂ ಅಲ್ಲವೇ ಅಲ್ಲ: ಅಲ್ಲಿಗೆ ತಂತಿ, ಪೈಪು ಎರಡೂ ಬರುತ್ತವೆ. ಸ್ಟಾರ್ಟರ್ ಆಫ್ ಮಾಡುವುದಿದ್ದರೆ ಮೋಡ ಕಟ್ಟುವಾಗಲೇ ಮಾಡಿ. ಗುಡುಗು ಶುರುವಾದ ಮೇಲೆ ಮೋಟಾರು ಸುಟ್ಟರೂ ಸರಿ, ಮುಟ್ಟಬೇಡಿ.

ಮರಕ್ಕೆ ಹೊಡೆದ ಸಿಡಿಲು ನೆಲದಲ್ಲಿ ಹರಡುತ್ತದೆ. ದನದ ಮುಂಗಾಲು-ಹಿಂಗಾಲುಗಳ ನಡುವೆ ದೂರ ಹೆಚ್ಚಿರುವುದರಿಂದ ವಿದ್ಯುತ್ತು ಎದೆಯ ಮೂಲಕವೇ ಹಾಯುತ್ತದೆ. ಮರಕ್ಕೆ ಕಟ್ಟಿದ ಹಸು ಸಾಯುವುದು ಹೀಗೆ. ಬಯಲಲ್ಲಿ ಸಿಕ್ಕಿಕೊಂಡ ಜನ ಕಾಲು ಜೋಡಿಸಿ ಕುಕ್ಕರಗಾಲಲ್ಲಿ ಕೂರಬೇಕು, ಗುಂಪಾಗಿ ನಿಲ್ಲಬಾರದು. ಅದೂ ಬೇರೆ ದಾರಿಯೇ ಇಲ್ಲದಾಗ ಮಾತ್ರ, ಅದರಿಂದ ಪೂರ್ತಿ ರಕ್ಷಣೆ ಸಿಗದು. ಸಿಡಿಲು ಬಡಿದವರ ಮೈಯಲ್ಲಿ ಕರೆಂಟು ಉಳಿದಿರುವುದಿಲ್ಲ, ಧೈರ್ಯವಾಗಿ ಮುಟ್ಟಬಹುದು. ಉಸಿರಿಲ್ಲದಿದ್ದರೆ 108ಕ್ಕೆ ಕರೆ ಮಾಡಿಸಿ, ಎದೆಯ ನಡುವೆ ನಿಮಿಷಕ್ಕೆ 100ರಿಂದ 120 ಸಲ ಒತ್ತುತ್ತಾ ಇರಿ.

ಹವಾಮಾನ ಇಲಾಖೆ ಭಾರೀ ಮಳೆ ಅನ್ನುವುದು 24 ಗಂಟೆಗೆ 64.5 ಮಿಲಿಮೀಟರ್ ದಾಟಿದಾಗ. ಅರ್ಧ ಗಂಟೆಯಲ್ಲಿ 30 ಮಿಲಿಮೀಟರ್ ಸುರಿದು ನಿಂತರೆ ಅದು ಆ ಲೆಕ್ಕಕ್ಕೆ ಬರುವುದಿಲ್ಲ, ಆದರೆ ಮೋರಿ ಉಕ್ಕಲು ಅಷ್ಟು ಸಾಕು. ಅದಕ್ಕೇ ಬೆಳಗಿನ ಮುನ್ಸೂಚನೆಗಿಂತ ಮುಂದಿನ ಮೂರು ಗಂಟೆಯ ಸೂಚನೆ ಮತ್ತು ಪುಣೆಯ ಹವಾಮಾನ ಸಂಶೋಧನಾ ಸಂಸ್ಥೆಯ, ಸಿಡಿಲಿನ ಎಚ್ಚರಿಕೆ ಕೊಡುವ ದಾಮಿನಿ ಆ್ಯಪ್ ಸಂಜೆಯ ಹೊತ್ತಿಗೆ ಹೆಚ್ಚು ಉಪಯೋಗ.