ಎನ್‌ಕೋರ್‌ಗೆ ಯಾವ ಫ್ರೆಂಚ್ ಕೃತಿ?

ನಮ್ಮ ಉತ್ತರ ಕನ್ನಡದಲ್ಲಿ ಹಿಂದೂಸ್ತಾನಿ ಬೈಠಕ್‌ಗಳನ್ನು ಕೇಳಿ ಬೆಳೆದವರಿಗೆ, ಭೈರವಿ ಹಾಡಿದರೆಂದರೆ ಕಛೇರಿ ಮುಗಿಯಿತೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಪಿಯಾನೊ ಕಛೇರಿಗೆ ಅಂಥ ಗೊತ್ತಾದ ಮಂಗಳವಿಲ್ಲ. ಕೊನೆಯ ಕೃತಿಯ ನಂತರ ಚಪ್ಪಾಳೆ ನಿಲ್ಲದಿದ್ದರೆ ಕಲಾವಿದರು ಮತ್ತೆ ವೇದಿಕೆಗೆ ಬಂದು, ಕಾರ್ಯಕ್ರಮ ಪಟ್ಟಿಯಲ್ಲಿ ಇಲ್ಲದ ಚಿಕ್ಕದೊಂದನ್ನು ನುಡಿಸುತ್ತಾರೆ. ಕಾರವಾರ ಮತ್ತು ಶಿರಸಿಯ ಕೇಳುಗರ ಮುಂದೆ ನುಡಿಸುವಾಗ ನಾನು ಈ ಎನ್‌ಕೋರನ್ನು ಭೈರವಿಯ ಜಾಗದಲ್ಲಿಟ್ಟೇ ಆರಿಸುತ್ತೇನೆ. ಅದು ಕೇಳುಗರು ಅಷ್ಟು ಹೊತ್ತು ಕೇಳಿದ್ದಕ್ಕೆ ಮುಕ್ತಾಯ ಕೊಡಬೇಕೇ ಹೊರತು ಹೊಸದೊಂದು ಕಛೇರಿಯನ್ನು ಆರಂಭಿಸಬಾರದು. ಈ ಕೆಲಸಕ್ಕೆ ಫ್ರೆಂಚ್ ಸಂಗೀತಕಾರರ ಚಿಕ್ಕ ಕೃತಿಗಳಷ್ಟು ಒದಗಿಬರುವ ಸಂಗೀತ ನನಗೆ ಬೇರೆ ಸಿಕ್ಕಿಲ್ಲ.

ನಾನು ಮೊದಲು ನೋಡುವುದು ಕೊನೆಯ ಕೃತಿ ಯಾವ ಸ್ವರದಲ್ಲಿ ನಿಲ್ಲುತ್ತದೆ ಎಂಬುದನ್ನು. ಈ ಸಲದ ನನ್ನ ಕಾರ್ಯಕ್ರಮ ಶೋಪಾಂನ ಎರಡನೆಯ ಸ್ಕೆರ್ಟ್ಸೊ ಎಂಬ ಚುರುಕು ನಡೆಯ ಪಿಯಾನೊ ಕೃತಿಯೊಂದಿಗೆ ಮುಗಿಯುತ್ತದೆ. ಬಿ ಫ್ಲಾಟ್ ಮೈನರ್‌ನಲ್ಲಿ ಆರಂಭವಾಗುವ ಆ ಕೃತಿ ಕೊನೆಗೆ ಡಿ ಫ್ಲಾಟ್ ಮೇಜರ್‌ನಲ್ಲಿ, ಎಂದರೆ ನಮ್ಮ ಹಾರ್ಮೋನಿಯಂ ವಾದಕರು ಹೇಳುವ ಕಪ್ಪು ಒಂದರಲ್ಲಿ, ಭಾರಿ ಸದ್ದಿನೊಂದಿಗೆ ನಿಲ್ಲುತ್ತದೆ. ದೆಬ್ಯುಸಿ 1910ರಲ್ಲಿ ಪ್ರಕಟಿಸಿದ ಪ್ರೆಲ್ಯೂಡ್ ಎಂಬ ಚಿಕ್ಕ ಕೃತಿಗಳ ಮೊದಲ ಸಂಪುಟದ ಎಂಟನೆಯದು, ಹೊಂಬಣ್ಣದ ಕೂದಲಿನ ಹುಡುಗಿಯ ಹೆಸರಿನ ‘ಲ ಫಿಯ್ ಒ ಶೆವ್ಯೂ ದ ಲ್ಯಾಂ’, ಅದೇ ಕಪ್ಪು ಒಂದರಿಂದ ಹೊರಡುತ್ತದೆ. ಎಡಗೈಯ ಆಸರೆಯಿಲ್ಲದ ಒಂಟಿ ಎಳೆಯೊಂದು ಕಪ್ಪು ಮನೆಗಳ (ಬೆರಳಿನಿಂದ ಒತ್ತುವ ಕೀಲಿಗಳ) ಮೇಲೆಯೇ ಇಳಿದು, ಮತ್ತೆ ಏರಿ, ಆಮೇಲೆ ಸ್ವರಮೇಳವನ್ನು ಸೇರಿಕೊಳ್ಳುತ್ತದೆ. ಆಗ ಷಡ್ಜ ಕಪ್ಪು ಮೂರರಲ್ಲಿದೆ ಎಂದು ತಿಳಿಯುತ್ತದೆ. ಸ್ಕೆರ್ಟ್ಸೊದ ಷಡ್ಜವಾಗಿ ಕಿವಿಯಲ್ಲಿ ಇನ್ನೂ ಉಳಿದಿದ್ದ ಸ್ವರವೇ ಇಲ್ಲಿ ಪಂಚಮವಾಗುವುದರಿಂದ, ಅಷ್ಟು ಆರ್ಭಟದ ಬೆನ್ನಿಗೇ ಇಷ್ಟು ಮೆದುವಾದದ್ದು ಬಂದರೂ ಕೇಳುಗರಿಗೆ ಎಲ್ಲಿಯೂ ಎಡವಿದಂತಾಗುವುದಿಲ್ಲ. ಶ್ರುತಿ ಹಿಡಿದು ಕೇಳುವ ನಮ್ಮ ಕಡೆಯವರಿಗೆ ಈ ಜೋಡಣೆ ವಿವರಣೆಯಿಲ್ಲದೆ ಮುಟ್ಟುತ್ತದೆಂಬ ನಂಬಿಕೆ ನನಗಿದೆ. ಕೃತಿಯಲ್ಲಿರುವುದು 39 ಬಾರ್‌ಗಳು, ಎಂದರೆ ತಾಳದ ಆವರ್ತದಂಥ ಭಾಗಗಳು, ಮಾತ್ರ. ಎರಡೂವರೆ ಮೂರು ನಿಮಿಷದಲ್ಲಿ ಮುಗಿಯುತ್ತದೆ.

ದೆಬ್ಯುಸಿ ಈ ಪ್ರೆಲ್ಯೂಡ್‌ಗಳ ಹೆಸರುಗಳನ್ನು ಪುಟದ ಮೇಲ್ಗಡೆ ಬರೆಯದೆ, ಪ್ರತಿಯೊಂದರ ಕೊನೆಯಲ್ಲಿ, ಚುಕ್ಕಿಗಳ ನಂತರ ಕಂಸದೊಳಗೆ ಅಚ್ಚು ಹಾಕಿಸಿದ. ಆದ್ದರಿಂದ ನಾನೂ ಮೊದಲು ನುಡಿಸಿ, ಎದ್ದು ನಿಂತ ಮೇಲಷ್ಟೇ ಹೆಸರನ್ನು ಹೇಳುತ್ತೇನೆ. ಹೆಸರು ಮೊದಲೇ ಗೊತ್ತಾದರೆ ಕೇಳುಗರು ಸ್ವರಗಳಲ್ಲಿ ಹುಡುಗಿಯನ್ನು ಹುಡುಕತೊಡಗುತ್ತಾರೆ.

ಎರಡನೆಯ ವಿಚಾರ ವಾದ್ಯದ್ದು. ನಮ್ಮ ಕಡೆ ಸಭಾಂಗಣದಲ್ಲಿ ಸಿಗುವುದು ಹೆಚ್ಚಾಗಿ ಗೋಡೆಗೆ ಒರಗಿಸಿಟ್ಟ ಅಪ್‌ರೈಟ್ ಪಿಯಾನೊ. ಮಳೆಗಾಲದ ತೇವಕ್ಕೆ ಅದರ ಮರ ಮತ್ತು ಫೆಲ್ಟ್ ಉಬ್ಬಿ, ಒತ್ತಿದ ಮನೆ ಮೇಲೇಳಲು ತಡಮಾಡುತ್ತದೆ. ಗ್ರ್ಯಾಂಡ್ ಪಿಯಾನೊದಲ್ಲಿ ಪಿಯಾನೊ ತಯಾರಕ ಎರಾರ್ 1821ರಲ್ಲಿ ರೂಪಿಸಿದ ಯಾಂತ್ರಿಕ ವ್ಯವಸ್ಥೆಯಿಂದಾಗಿ ಮನೆ ಪೂರ್ತಿ ಮೇಲೇಳುವ ಮುನ್ನವೇ ಅದೇ ಸ್ವರವನ್ನು ಮತ್ತೆ ಹೊಡೆಯಬಹುದು. ಸಾಮಾನ್ಯ ಅಪ್‌ರೈಟ್‌ಗಳಲ್ಲಿ ಆ ಅನುಕೂಲವಿಲ್ಲ. ಹೀಗಿರುವಾಗ ಒಂದೇ ಸ್ವರವನ್ನು ಮಿಂಚಿನ ವೇಗದಲ್ಲಿ ಪುನರಾವರ್ತಿಸುವ ರವೆಲ್‌ನ ‘ಆಲ್ಬೊರಾದಾ ದೆಲ್ ಗ್ರಾಸಿಯೋಸೊ’ದಂಥದ್ದನ್ನು ನಾನು ಎನ್‌ಕೋರ್ ಆಗಿ ಯೋಚಿಸುವುದೇ ಇಲ್ಲ. ಕೂಪ್ರಾಂನ ‘ಲ ತಿಕ್ ತೊಕ್ ಶೊಕ್’ 1722ರಲ್ಲಿ ಅಚ್ಚಾದದ್ದು. ಪಿಯಾನೊಗೂ ಹಿಂದಿನ ವಾದ್ಯವಾದ, ಎರಡು ಸಾಲು ಮನೆಗಳುಳ್ಳ ಹಾರ್ಪ್ಸಿಕಾರ್ಡನ್ನು ಮನಸ್ಸಿನಲ್ಲಿಟ್ಟು ಬರೆದದ್ದಾದ್ದರಿಂದ ಒಂದೇ ಸಾಲಿನ ಪಿಯಾನೊದಲ್ಲಿ ಎರಡೂ ಕೈಗಳು ಒಂದೇ ಜಾಗಕ್ಕೆ ಬಂದು ಡಿಕ್ಕಿ ಹೊಡೆಯುತ್ತವೆ. ಒಳ್ಳೆಯ ಗ್ರ್ಯಾಂಡ್ ಸಿಕ್ಕರೆ ಅದರ ಚುರುಕು ಸೊಗಸಾಗಿ ಕೇಳುತ್ತದೆ, ಇಲ್ಲದಿದ್ದರೆ ಬೇಡ.

ಅದೇ ಕೂಪ್ರಾಂನ 1717ರ ‘ಲೆ ಬಾರಿಕಾದ್ ಮಿಸ್ತೆರ್ಯೂಸ್’ ಮಾತ್ರ ಎಂಥ ವಾದ್ಯದಲ್ಲೂ ಕೈಬಿಡುವುದಿಲ್ಲ. ಎರಡೂ ಕೈಗಳು ಬಹುಮಟ್ಟಿಗೆ ಮಧ್ಯದ ಸಿ ಸ್ವರದ ಆಸುಪಾಸಿನಲ್ಲಿ ಮತ್ತು ಅದರ ಕೆಳಗೇ ಓಡಾಡುತ್ತವೆ. ಒಂದು ಸ್ವರ ಬಿಡುವ ಮುನ್ನ ಇನ್ನೊಂದು ಹುಟ್ಟುವುದರಿಂದ, ಬುಟ್ಟಿಯ ಹೆಣಿಗೆಯಂತೆ ಎಳೆಗಳು ಒಂದರಡಿ ಒಂದು ನುಸುಳುತ್ತಾ ಹೋಗುತ್ತವೆ. ಇಲ್ಲಿ ಪೆಡಲ್ ಒತ್ತುವ ಆಸೆಯನ್ನು ತಡೆದುಕೊಂಡು ಬೆರಳುಗಳಿಂದಲೇ ಸ್ವರಗಳನ್ನು ಹಿಡಿದಿಡಬೇಕು. ಪಲ್ಲವಿಯಂತೆ ಮರಳಿ ಮರಳಿ ಬರುವ ಭಾಗವನ್ನು ಎರಡನೆಯ ಸಲ ಕೇಳುವಷ್ಟರಲ್ಲಿ ಸಭೆಗೆ ಅದು ಪರಿಚಿತವಾಗಿರುತ್ತದೆ. ಕಾರ್ಯಕ್ರಮ ಶೋಪಾಂನ ಮೊದಲ ಬಲ್ಲಾಡ್‌ನೊಂದಿಗೆ, ಅದರ ಉಗ್ರವಾದ ಜಿ ಮೈನರ್‌ನಲ್ಲಿ ಮುಗಿಯುವಾಗ, ನನ್ನ ಆಯ್ಕೆ ಬಿ ಫ್ಲಾಟ್ ಮೇಜರ್‌ನ ಈ ಕೃತಿಯೇ.

ದೆಬ್ಯುಸಿಯ ‘ಕ್ಲೇರ್ ದ ಲೂನ್’ ನುಡಿಸಿ ಎಂದು ಕೇಳುವವರು ಪ್ರತಿ ಊರಿನಲ್ಲೂ ಇರುತ್ತಾರೆ. ಅದು ಸುಮಾರು ಐದು ನಿಮಿಷದ, ತನ್ನದೇ ಏರಿಳಿತಗಳುಳ್ಳ ಕೃತಿಯಾದ್ದರಿಂದ ಕಾರ್ಯಕ್ರಮದ ಒಳಗೇ ಅದಕ್ಕೆ ಗೌರವದ ಜಾಗ ಕೊಡುವುದು ಸರಿಯೆಂಬುದು ನನ್ನ ನಿಲುವು. ಕೈ ದಣಿದಿರುವ ದಿನಕ್ಕೆ ರವೆಲ್‌ನ 1913ರ ‘ಪ್ರೆಲ್ಯೂಡ್’ ಇದೆ. ಪ್ಯಾರಿಸ್ ಕನ್ಸರ್ವೇಟರಿಯಲ್ಲಿ, ಮೊದಲ ನೋಟಕ್ಕೇ ಓದಿ ನುಡಿಸುವ ಪರೀಕ್ಷೆಗೆಂದು ಬರೆದ 27 ಬಾರ್‌ಗಳ ಕೃತಿ ಅದು. ಪರೀಕ್ಷೆಯ ಪಾಠವೆಂದು ಅದನ್ನು ಕಡೆಗಣಿಸುವವರು ಒಮ್ಮೆ ಸಾವಧಾನವಾಗಿ ನುಡಿಸಿ ನೋಡಬೇಕು.

ನಾಟಕ ಕಂಪನಿಗಳ ಕಾಲದ ‘ವನ್ಸ್ ಮೋರ್’ ಅಭ್ಯಾಸ ನಮ್ಮ ಸಭೆಗಳಲ್ಲಿ ಇನ್ನೂ ಪೂರ್ತಿ ಹೋಗಿಲ್ಲವಾದ್ದರಿಂದ ಎರಡನೆಯದೊಂದನ್ನೂ ಸಿದ್ಧವಾಗಿಟ್ಟುಕೊಳ್ಳುವುದು ಒಳಿತು. ನನಗೆ ಅದು ಪುಲಾಂಕ್ 1959ರಲ್ಲಿ ಗಾಯಕಿ ಎದಿತ್ ಪಿಯಾಫ್‌ಗೆ ಗೌರವವಾಗಿ ಬರೆದ ಹದಿನೈದನೆಯ ‘ಇಂಪ್ರೊವಿಸೇಶನ್’. ಸಿ ಮೈನರ್‌ನ ಆ ವಾಲ್ಟ್ಸ್ ನಡೆಯ ರಾಗ ಹಾಡಿನಷ್ಟೇ ಸರಳವಾಗಿ ಕಿವಿಗೆ ಹತ್ತುತ್ತದೆ. ಹಳೆಯ ಚಿತ್ರಗೀತೆಗಳನ್ನು ಪ್ರೀತಿಸುವವರು ಅದನ್ನು ಮೊದಲ ಸಲ ಕೇಳಿದಾಗಲೇ ಗುನುಗಬಲ್ಲರು. ಅದರ ನಂತರ ಮೂರನೆಯದನ್ನು ನಾನು ನುಡಿಸುವುದಿಲ್ಲ.